ಹಲಗೆಗೆ ಹೆಸರು ಬಂದರೆ ಪೇಡೆ

ಕಾಲೇಜಿನ ಸುದ್ದಿ ಬರೆಯುವ ಕೆಲಸ ನಿಮ್ಮ ಪಾಲಿಗೆ ಬಂದಿದ್ದರೆ ಮೊದಲು ಒಂದು ಮಾತು ಕೇಳಿಕೊಳ್ಳಿ. ಅದನ್ನು ಯಾರೂ ಕೆಲಸವೆಂದು ತಿಳಿಯುವುದಿಲ್ಲ. ವೇಳಾಪಟ್ಟಿಯಲ್ಲಿ ಅದಕ್ಕೊಂದು ತಾಸಿಲ್ಲ, ಪಗಾರದಲ್ಲಿ ಅದಕ್ಕೊಂದು ಕಾಸಿಲ್ಲ. "ನಿಮಗ ಹೆಂಗೂ ವ್ಯಾಳ್ಯಾ ಇರತೈತಿ" ಎಂದು ಯಾರದೋ ಕೊರಳಿಗೆ ಕಟ್ಟಿ ಹೋಗುತ್ತಾರೆ. ನನ್ನ ಕೊರಳಿಗೆ ಕಟ್ಟಿದ್ದು ಅಕ್ಷರ ದುಂಡಗಿವೆ ಎಂಬ ಕಾರಣಕ್ಕೆ.

ನಾನು ಹುಬ್ಬಳ್ಳಿಯ ಬೆಂಗೇರಿ ಕಡೆಯ ಒಂದು ಸಣ್ಣ ಪದವಿ ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದೆ. ಸೇರಿದ ಹೊಸತರಲ್ಲಿ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸಿ ನಂಬರು ಬರೆಯುತ್ತಿದ್ದಾಗ ಆಗಿನ ಪ್ರಾಚಾರ್ಯರು ಹಿಂದೆ ಬಂದು ನಿಂತರು. ಸ್ವಲ್ಪ ಹೊತ್ತು ನೋಡಿ, "ಮೇಡಂ, ಅಕ್ಷರ ಭಾಳ ಛಲೋ ಅದಾವಲ್ರೀ. ನಾಳಿಂದ ಗೇಟಿನ ಹಲಗಿ ನಿಮ್ದು" ಅಂದರು. ಆ ನಾಳೆ ನಾನು ನಿವೃತ್ತಳಾಗುವವರೆಗೂ ಮುಗಿಯಲಿಲ್ಲ.

ನಮ್ಮ ಗೇಟಿನ ಪಕ್ಕ ಗೋಡೆಗೆ ಬಡಿದ ಕರಿಹಲಗೆ ಅದು. ಮೇಲೆ ಮಳೆಗೆ ಅಡ್ಡವಾಗಿ ಒಂದು ತಗಡು. ಎದುರಿಗೇ ಸಿಟಿ ಬಸ್ಸಿನ ನಿಲುಗಡೆ. ವಿದ್ಯಾರ್ಥಿಗಳು, ಸಿಬ್ಬಂದಿ, ಹಳೆಯ ವಿದ್ಯಾರ್ಥಿಗಳು ಯಾರೇ ಏನೇ ಸಾಧಿಸಲಿ, ಶನಿವಾರ ಮುಂಜಾನೆ ಅದರ ಮೇಲೆ ಬರೆಯಬೇಕು. ಬಸ್ಸು ಕಾಯುವವರಿಗೆ ಬೇರೆ ಉದ್ಯೋಗವಿಲ್ಲದ್ದರಿಂದ ಅವರು ಅದನ್ನು ಅಕ್ಷರ ಬಿಡದೆ ಓದುತ್ತಿದ್ದರು. ಫೋನು ಎಲ್ಲರ ಕೈಗೆ ಬರುವ ಮುಂಚೆಯೂ ನಮ್ಮ ಸುದ್ದಿ ಬಸ್ಸು ಹತ್ತಿ ಗೋಪನಕೊಪ್ಪಕ್ಕೆ ಹೋಗಿ ಇಳಿದುಬಿಡುತ್ತಿತ್ತು.

ಬರೆಯುವುದರಲ್ಲಿ ನನಗೆ ನನ್ನದೇ ಹಿಕಮತ್ತು ಇತ್ತು. ಖಡುವನ್ನು, ಅಂದರೆ ಸೀಮೆಸುಣ್ಣವನ್ನು, ಸಕ್ಕರೆ ನೀರಿನಲ್ಲಿ ನೆನೆಸಿ ಇಡುತ್ತಿದ್ದೆ. ಹಸಿ ಖಡುವಿನಲ್ಲಿ ಬರೆದರೆ ಮೊದಲು ಮಂಕಾಗಿ ಕಾಣುತ್ತದೆ, ಆರಿದ ಮೇಲೆ ಝಗ್ಗನೆ ಎದ್ದು ಬರುತ್ತದೆ, ಯಾರ ಅಂಗಿ ಉಜ್ಜಿದರೂ ಹೋಗುವುದಿಲ್ಲ. ಹಸಿ ಬಟ್ಟೆ ಹಾಕಿ ತಿಕ್ಕಿದರೂ ಹಿಂದೆ ಒಂದು ಕಲೆ ಉಳಿಯುತ್ತದೆ. ನಿಮ್ಮ ಕಾಲೇಜಿಗೂ ಒಂದು ಹಲಗೆ ಇದ್ದರೆ ಈ ಹಿಕಮತ್ತು ನಿಮಗೂ ಬೇಕಾದೀತು.

ಹಲಗೆಯ ಜೊತೆಗೆ ಒಂದು ಪದ್ಧತಿಯೂ ಬಂತು. ಯಾರ ಹೆಸರು ಹಲಗೆಗೆ ಬಂತೋ ಅವರು ಸ್ಟಾಫ್ ರೂಮಿಗೆ ಪೇಡೆ ತರಬೇಕು, ಮೊದಲ ಪೇಡೆ ಬರೆದವರಿಗೆ. ಯಾರು ಹಚ್ಚಿದ ಪದ್ಧತಿಯೋ ಗೊತ್ತಿಲ್ಲ, ಮುರಿದವರನ್ನಂತೂ ನಾನು ನೋಡಿಲ್ಲ. ಧಾರವಾಡದ ಪಕ್ಕದಲ್ಲಿದ್ದುಕೊಂಡು ಪೇಡೆಗೆ ಬೇಡ ಅನ್ನುವುದು ಹೇಗೆ ಹೇಳಿ. ಇವತ್ತು ನನಗಿರುವ ಸಕ್ಕರೆ ಕಾಯಿಲೆಯಲ್ಲಿ ಅರ್ಧ ಪಾಲು ನಮ್ಮ ವಿದ್ಯಾರ್ಥಿಗಳ ಸಾಧನೆಯದು.

ಮೊದಮೊದಲು ನಾನೂ ಯಾರು ಏನು ಹೇಳಿದರೆ ಅದನ್ನೇ ಬರೆಯುತ್ತಿದ್ದೆ. ಒಂದು ಸಲ ಪಿ.ಟಿ. ಸರ್ ಎದೆ ಉಬ್ಬಿಸಿಕೊಂಡು ಬಂದು, "ಖೋಖೋದಾಗ ನಮ್ಮ ಹುಡುಗ್ಯಾರು ಸೆಕೆಂಡ್ ಬಂದಾರ್ರಿ, ದೊಡ್ಡದಾಗಿ ಬರೀರಿ" ಅಂದರು. ಬಣ್ಣದ ಖಡು ತೆಗೆದು ಹಲಗೆಯ ತುಂಬ ಬರೆದೆ. ತಂಡದ ಹುಡುಗಿಯರು ಯಾಕೋ ಹಲಗೆಯ ಕಡೆ ನೋಡದೆ ತಲೆ ತಗ್ಗಿಸಿಕೊಂಡು ಒಳಗೆ ಹೋದರು. ಬಸ್ ನಿಲುಗಡೆಯಲ್ಲಿ ನಿಂತಿದ್ದ ಅಜ್ಜನೊಬ್ಬ ಅವರಲ್ಲಿ ಒಬ್ಬಳನ್ನು ಹಿಡಿದು, "ಎಷ್ಟ ತಂಡ ಬಂದಿದ್ದುವವಾ?" ಅಂತ ಕೇಳಿದ. ಅವಳು ಸುಳ್ಳು ಹೇಳುವ ಪೈಕಿಯಲ್ಲ. "ಎರಡ ಬಂದಿದ್ದೂರಿ ಅಜ್ಜಾರ" ಅಂದಳು. ನಿಲುಗಡೆಗೆ ನಿಲುಗಡೆಯೇ ನಕ್ಕಿತು. ಒಂದು ತಿಂಗಳು ನಮ್ಮ ಕಾಲೇಜಿಗೆ 'ಸೆಕೆಂಡ್ ಬಂದವರ ಕಾಲೇಜು' ಎಂದೇ ಹೆಸರು. ಪಿ.ಟಿ. ಸರ್ ತಂದ ಪೇಡೆ ಮಾತ್ರ ತಾಜಾ ಇತ್ತು.

ಆವತ್ತು ನನಗೆ ನಮ್ಮಪ್ಪ ನೆನಪಾದರು. ನಮ್ಮದು ಹತ್ತಿ ವ್ಯಾಪಾರದ ಮನೆತನ. ಅಪ್ಪ ಅಂಡಿಗೆಯ, ಅಂದರೆ ಹತ್ತಿ ಮೂಟೆಯ, ಬಾಯಲ್ಲಿ ಕಾಣುವ ಅರಳೆಯನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮೊಳಕೈವರೆಗೆ ಕೈ ತುರುಕಿ ಒಳಗಿನಿಂದ ಒಂದು ಹಿಡಿ ಎಳೆದು ತೆಗೆದು, ಎಳೆ ಬಿಡಿಸಿ ನೋಡಿ, ಆಮೇಲೆ ದರದ ಮಾತು. "ಮ್ಯಾಲಿನ ಅರಳಿ ಯಾವತ್ತೂ ಬೆಳ್ಳಗ ಇರತೈತಿ" ಅನ್ನುತ್ತಿದ್ದರು. ಅಂದಿನಿಂದ ನಾನೂ ಸುದ್ದಿ ತಂದವರ ಅಂಡಿಗೆಗೆ ಕೈ ಹಾಕತೊಡಗಿದೆ. ಎಷ್ಟು ತಂಡ ಬಂದಿದ್ದವು, ಬಹುಮಾನ ಕೊಟ್ಟವರು ಯಾರು, ಪತ್ರ ಎಲ್ಲಿ ಎಂದು ಕೇಳುವುದು. ಅರ್ಧ ಜನ ಸಿಟ್ಟಾದರು. "ಮೇಡಂ ಸಿಐಡಿ ಆಗ್ಯಾರ" ಎಂದು ಸ್ಟಾಫ್ ರೂಮಿನಲ್ಲಿ ಆಡಿಕೊಂಡರು. ಆಡಿಕೊಳ್ಳಲಿ ಬಿಡಿ ಅಂದೆ.

ಇತಿಹಾಸದ ನಮ್ಮ ಸಹೋದ್ಯೋಗಿಯೊಬ್ಬರು ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದಾಗ ಒಂದು ಸಲ, ಪ್ರಬಂಧ ಸಲ್ಲಿಸಿದಾಗ ಒಂದು ಸಲ, ಪದವಿ ಬಂದಾಗ ಒಂದು ಸಲ ಹಲಗೆಗೆ ಬಂದರು. ಒಂದೇ ಪಿಎಚ್.ಡಿ.ಗೆ ಮೂರು ಡಬ್ಬಿ ಪೇಡೆ. ನಾಲ್ಕನೆಯದಾಗಿ ಪ್ರಬಂಧ ಪುಸ್ತಕವಾಗಿ 'ಬರಲಿದೆ' ಎಂದು ಬರೆಯಲು ಹೇಳಿದಾಗ ನಾನು ಖಡು ಕೆಳಗಿಟ್ಟೆ. "ಸರ್, ಆಗಿದ್ದು ಬರೀತೇನ್ರಿ. ಆಗೂದು ಆದ ಮ್ಯಾಲೆ ಬರೀತೇನಿ" ಅಂದೆ. ಇನ್ನೊಬ್ಬರು ಹಳೆಯ ವಿದ್ಯಾರ್ಥಿ, ತಾವೇ ತಮಗೆ ಸಮಾಜಸೇವಕರೆಂದು ಬಿರುದು ಕೊಟ್ಟುಕೊಂಡವರು, ಪೇಡೆ ಡಬ್ಬಿಯನ್ನು ಮೊದಲು ಮೇಜಿನ ಮೇಲಿಟ್ಟು ಆಮೇಲೆ ಮಾತಿಗೆ ಕೂತರು. ಪೇಡೆ ಬಂತಲ್ಲ, ಸಾಧನೆ ಹಿಂದಿನಿಂದ ಬರುತ್ತಿರಬೇಕು ಎಂದು ಗೇಟಿನ ಕಡೆ ನೋಡಿದೆ. ಬರಲಿಲ್ಲ. ಡಬ್ಬಿಯನ್ನು ಅವರ ಕೈಗೇ ಕೊಟ್ಟು, ಚಹಾ ಕುಡಿಸಿ ಕಳಿಸಿದೆ.

ಇದನ್ನೆಲ್ಲ ನಗುತ್ತ ಬರೆಯುತ್ತಿದ್ದೇನೆ. ಆದರೆ ಒಂದು ಸುದ್ದಿಯ ವಿಷಯಕ್ಕೆ ನನಗೆ ನಗು ಬಂದಿರಲಿಲ್ಲ. ನಿಮಗೆ ಮುಖ್ಯವಾಗಿ ಹೇಳಬೇಕಾದದ್ದೂ ಅದೇ.

ಅಷ್ಟರಲ್ಲಿ ನಮಗೆ ಹೊಸ ಪ್ರಾಚಾರ್ಯರು ಬಂದಿದ್ದರು. ಪಾಟೀಲ ಸರ್. ಕೆಟ್ಟ ಮನುಷ್ಯ ಅಲ್ಲವೇ ಅಲ್ಲ, ಆದರೆ ಅವಸರದ ಮನುಷ್ಯ. ಕಾಲೇಜಿಗೆ ಪ್ರವೇಶ ಕಡಿಮೆಯಾಗುತ್ತಿತ್ತು. ಒಂದು ವಿಭಾಗ ಮುಚ್ಚುವ ಮಾತು ನಡೆದಿತ್ತು. ಜನ ನಮ್ಮನ್ನು ಮರೆಯಬಾರದು ಎಂದು ಅವರು ಹೊಸ ರೀತಿ ಹಚ್ಚಿದರು. ಶನಿವಾರ ನಾನು ಬರೆದ ಹಲಗೆಯ ಫೋಟೊ ತೆಗೆದು, ಹಳೆಯ ವಿದ್ಯಾರ್ಥಿಗಳ ಮತ್ತು ಪಾಲಕರ ವಾಟ್ಸಾಪ್ ಗುಂಪಿಗೆ ತಾವೇ ಹಾಕುತ್ತಿದ್ದರು. ಬಸ್ಸಿನಲ್ಲಿ ಹೋಗುತ್ತಿದ್ದ ಸುದ್ದಿಗೆ ಈಗ ರೆಕ್ಕೆ ಬಂತು. ನನಗೂ ಖುಷಿಯೇ. ನನ್ನ ಅಕ್ಷರ ದುಬೈಯಲ್ಲಿ ಕೂತವರೂ ನೋಡುತ್ತಿದ್ದರು.

ನಮ್ಮಲ್ಲಿ ಸುಜಾತಾ ಎಂಬ ಹುಡುಗಿ ಪದವಿ ಮುಗಿಸಿದ್ದಳು. ಗೋಪನಕೊಪ್ಪದವಳು. ಅವಳ ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು, ಬೌದ್ಧ ಮನೆತನ. ಮನೆಯಲ್ಲಿ ಓದಿಗೆ ಮೊದಲ ಮಣೆ. ಪದವಿ ಮುಗಿದ ಮೇಲೂ ಅವಳು ದಿನಾ ನಮ್ಮ ಗ್ರಂಥಾಲಯಕ್ಕೆ ಬಂದು ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಸರಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಳು. ಮಾತು ಕಡಿಮೆ. ಪುಸ್ತಕ ಕೇಳಿದರೆ ಮಾತ್ರ ಮಾತು, ಮತ್ತು ಹಿಂದಿರುಗಿಸುವಾಗ ಒಂದು ನಗು. ಎಷ್ಟೋ ಸಲ ಮಧ್ಯಾಹ್ನ ನನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಅವಳಿಗೆ ಕೊಟ್ಟಿದ್ದೇನೆ. ಅವಳ ಶೇಂಗಾ ಚಟ್ನಿಯಲ್ಲಿ ಅರ್ಧಕ್ಕಿಂತ ಹೆಚ್ಚು ತಿಂದಿದ್ದೇನೆ.

ಒಂದು ಶುಕ್ರವಾರ ಅವಳು ಓಡುತ್ತ ಬಂದಳು. ಅವಳು ಓಡಿದ್ದನ್ನು ನಾನು ನೋಡಿದ್ದೇ ಅವತ್ತು.

"ಮೇಡಂ, ಪಟ್ಟಿ ಬಂತ್ರಿ. ನನ್ನ ಹೆಸರೈತಿ!"

ಫೋನು ತೋರಿಸಿದಳು. ನಾನು ಕನ್ನಡಕ ಏರಿಸಿ ಪಟ್ಟಿಯ ತಲೆ ಓದಿದೆ. 'ತಾತ್ಕಾಲಿಕ ಆಯ್ಕೆ ಪಟ್ಟಿ' ಎಂದಿತ್ತು. ಇಂಥ ಪಟ್ಟಿಗೆ ತಕರಾರು ಅರ್ಜಿಗಳು ಬರುತ್ತವೆ, ಅವನ್ನೆಲ್ಲ ನೋಡಿದ ಮೇಲೆ ಅಂತಿಮ ಪಟ್ಟಿ, ಅದಾದ ಮೇಲೆ ನೇಮಕದ ಆದೇಶ. ಹೆಸರು ಮೇಲೆ ಕೆಳಗೆ ಆಗುವುದು ಇದ್ದದ್ದೇ.

"ಛಲೋ ಆತವಾ. ಆದ್ರ ಇದು ಇನ್ನೂ ತಾತ್ಕಾಲಿಕ ಐತಿ. ಹಲಗಿಗೆ ಈಗ ಬ್ಯಾಡ" ಅಂದೆ.

"ನಾನೂ ಅದನ್ನ ಅಂದೇನ್ರಿ ಅಪ್ಪಗ" ಅಂದಳು.

ಆದರೆ ಸುದ್ದಿ ಪಾಟೀಲ ಸರ್ ಕಿವಿಗೆ ಹೋಗಿತ್ತು. ಮಾರನೆಯ ದಿನ ಪಾಲಕರ ಸಭೆ. ಬಂದವರು ಗೇಟಿನಲ್ಲಿ ಈ ಸುದ್ದಿಯನ್ನೇ ಮೊದಲು ನೋಡಬೇಕೆಂದು ಅವರು ಹಟ ಹಿಡಿದರು. ಕೊನೆಗೆ ನಾನು ಒಂದು ಷರತ್ತಿನ ಮೇಲೆ ಒಪ್ಪಿದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ ಅಂದೆ. 'ನಮ್ಮ ಹಳೆಯ ವಿದ್ಯಾರ್ಥಿನಿ ಕು. ಸುಜಾತಾ ಅವರ ಹೆಸರು ಸರಕಾರಿ ಹುದ್ದೆಯ ತಾತ್ಕಾಲಿಕ ಆಯ್ಕೆ ಪಟ್ಟಿಯಲ್ಲಿ ಬಂದಿದೆ' ಎಂದು ಶನಿವಾರ ಮುಂಜಾನೆ ಬರೆದು, ಗ್ರಂಥಾಲಯದ ಬೀಗ ತೆಗೆಯಲು ಹೋದೆ. ಅಷ್ಟರಲ್ಲಿ ಪ್ರಾಚಾರ್ಯರು ಜೇಬಿನ ಕರವಸ್ತ್ರವನ್ನು ನಳದ ಕೆಳಗೆ ಹಿಡಿದು ಒದ್ದೆ ಮಾಡಿಕೊಂಡು 'ತಾತ್ಕಾಲಿಕ'ವನ್ನು ಒರೆಸಿ, ಉಳಿದದ್ದನ್ನು 'ಸುಜಾತಾ ಅವರು ಸರಕಾರಿ ಹುದ್ದೆಗೆ ಆಯ್ಕೆಯಾಗಿದ್ದಾರೆ' ಎಂದು ತಾವೇ ತಿದ್ದಿ, ಫೋಟೊ ತೆಗೆದು, ಗುಂಪಿಗೆ ಹಾಕಿಬಿಟ್ಟರು. ನಾನು ಬಂದು ನೋಡಿದಾಗ ಒರೆಸಿದ ಜಾಗದಲ್ಲಿ ಸಕ್ಕರೆಯ ಕಲೆ ಮಾತ್ರ ಉಳಿದಿತ್ತು. ಕಲೆಯನ್ನು ಯಾರು ಓದುತ್ತಾರೆ?

"ಸರ್, ಇದೇನ್ ಮಾಡಿದ್ರಿ?"

"ಏ, ಆಕಿ ಆದಂಗ ಬಿಡ್ರಿ ಮೇಡಂ. ಇವತ್ತಿಲ್ಲ ನಾಳಿ ಆಗೂದಲ್ಲ? ನೀವು ಭಾಳ ತಪ್ಪ ಹುಡುಕತೀರಿ."

ಮುಂದಿನದು ನಮ್ಮ ಕಡೆಯವರಿಗೆ ವಿವರಿಸಿ ಹೇಳುವ ಅಗತ್ಯವಿಲ್ಲ. ನಮ್ಮವರಿಗೆ ಅಭಿನಂದನೆ ಹೇಳುವ ಅವಸರ ಎಷ್ಟೆಂದರೆ, ಮೋಡ ಕಂಡ ಕೂಡಲೇ ಮಳೆಗೆ ಸನ್ಮಾನ ಮಾಡುತ್ತಾರೆ. ಸುಜಾತಾಳ ಕಾಕಾ ಗರಗ ಎಂಬ ಊರಿನಲ್ಲಿರುತ್ತಾರೆ. ವಾಟ್ಸಾಪಿನಲ್ಲಿ ಹಲಗೆಯ ಫೋಟೊ ಕಂಡದ್ದೇ ಅವರು ಅಲ್ಲಿಯ ಬಸ್ ನಿಲ್ದಾಣದ ಹತ್ತಿರ ಅವಳ ಫ್ಲೆಕ್ಸ್ ಕಟ್ಟಿಸಿದರು. ಕೆಳಗೆ ಅಭಿನಂದಿಸುವವರ ಚಿಕ್ಕ ಚಿಕ್ಕ ಮುಖಗಳು ಸಾಲಾಗಿ. ಅವಳು ಓದಿದ ಪ್ರಾಥಮಿಕ ಶಾಲೆಯಲ್ಲಿ ಶಾಲು ಹೊದಿಸಿದರು. ಅಪ್ಪ ಶಾಲೆಯಲ್ಲಿ ಸಹೋದ್ಯೋಗಿಗಳಿಗೆಲ್ಲ ಊಟ ಹಾಕಿದರು. ಸುಜಾತಾ ಪದ್ಧತಿಯಂತೆ ಸ್ಟಾಫ್ ರೂಮಿಗೆ ಪೇಡೆ ತಂದಳು. ನಾನು ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ, ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಒಯ್ದೆ. ಅವಳೂ ತಿನ್ನಲಿಲ್ಲ, ನಾನು ನೋಡಿದೆ.

ಮಳೆಗಾಲ ಕಳೆಯುವಷ್ಟರಲ್ಲಿ ಅಂತಿಮ ಪಟ್ಟಿ ಬಂತು. ಅವಳ ಹೆಸರಿರಲಿಲ್ಲ. ಅದರಲ್ಲಿ ಯಾರ ಮೋಸವೂ ಇರಲಿಲ್ಲ, ಅವಳಿಗಿಂತ ಹೆಚ್ಚು ಅಂಕದವರು ತಕರಾರು ಹಾಕಿ ಮೇಲೆ ಬಂದಿದ್ದರು. ಅಷ್ಟೇ.

ಒಂದು ವಾರ ಅವಳು ಗ್ರಂಥಾಲಯಕ್ಕೆ ಬರಲಿಲ್ಲ. ಬಂದ ದಿನ ಗುರುವಾರ. ಕಿಟಕಿ ಪಕ್ಕ ಕೂಡದೆ ನೇರ ನನ್ನ ಮೇಜಿಗೆ ಬಂದಳು. ಅಳುತ್ತಾಳೇನೋ ಎಂದು ನೀರಿನ ತಂಬಿಗೆ ಮುಂದೆ ಸರಿಸಿದೆ. ಅಳಲಿಲ್ಲ.

"ಮೇಡಂ, ಐತವಾರ ಧಾರವಾಡದಿಂದ ಬರಾಕತ್ತಾರ್ರಿ. ಮದವಿ ಮಾತು ಪಕ್ಕಾ ಮಾಡಾಕ" ಅಂದಳು.

"ಹುಡುಗ?"

"ಹುಡುಗ ನೌಕರಿಯಾಗ ಅದಾನ್ರಿ. ಅವರಿಗೆ ನೌಕರಿ ಇದ್ದ ಹುಡುಗೀನ ಬೇಕಂತ. ಫೋಟೊ ನೋಡ್ಯಾರ. ನಂದಲ್ರಿ, ಹಲಗೀದು."

ಅವಳ ಮುಖದಲ್ಲಿ ಒಂದು ವಿಚಿತ್ರ ನಗು ಬಂದು ಹೋಯಿತು. ನಡೆದದ್ದು ಇಷ್ಟು. ಅಂತಿಮ ಪಟ್ಟಿಯ ವಿಷಯ ಅಪ್ಪನನ್ನೂ ಅವಳನ್ನೂ, ಪಟ್ಟಿ ನೋಡಿದ್ದ ನನ್ನನ್ನೂ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಫ್ಲೆಕ್ಸ್ ಕಟ್ಟಿಸಿ, ಊಟ ಹಾಕಿ, ಶಾಲು ಹೊದಿಸಿಕೊಂಡ ಮೇಲೆ ಇಲ್ಲ ಅನ್ನಲು ಅಪ್ಪನಿಗೆ ಬಾಯಿ ಬರುತ್ತಿಲ್ಲ. ಮದುವೆಯಾದ ಮೇಲೆ ಮತ್ತೊಂದು ಪರೀಕ್ಷೆ ಬರೆದರಾಯಿತು, ಅಲ್ಲಿಯವರೆಗೆ ಆದೇಶ ತಡವಾಗಿದೆ ಎಂದರಾಯಿತು ಎಂದು ಅವರು ತಮ್ಮನ್ನು ತಾವೇ ನಂಬಿಸಿಕೊಂಡಿದ್ದರು.

"ನೀನs ಹೇಳಬಾರದೇನು ಅವರಿಗೆ?" ಅಂದೆ.

"ನಾ ಹೇಳಿದ್ರ ಅಪ್ಪ ಸುಳ್ಳ ಹೇಳ್ಯಾರಂತ ಆಗತೈತ್ರಿ. ಅಪ್ಪ ಸುಳ್ಳ ಹೇಳಿಲ್ರಿ ಮೇಡಂ. ಕಾಲೇಜಿನವರು ಹಲಗಿ ಮ್ಯಾಲೆ ಬರದ್ರು, ಅದನ್ನ ಅಪ್ಪ ನಂಬಿದ್ರು. ಹಲಗಿಂದ ಹ್ವಾದ ಮಾತು ಹಲಗಿಂದನ ತಿರುಗಿ ಬರಬೇಕ್ರಿ. ಶನಿವಾರ ಬರೀರಿ. ಬರೇ ಆಯ್ಕೆ ಆಗಿಲ್ಲ ಅಂತ ಬರೀರಿ, ಸಾಕು."

ಅವಳಿಗೆ ಬೇಕಾಗಿದ್ದದ್ದು ಮದುವೆ ಮುರಿಯುವುದಲ್ಲ. ಸುಳ್ಳಿನ ಮೇಲೆ ಸಂಸಾರ ಹೂಡಬಾರದು, ಅಪ್ಪನ ತಲೆಯೂ ತಗ್ಗಬಾರದು. ಇಷ್ಟು ವಿಚಾರ ಆ ವಯಸ್ಸಿನಲ್ಲಿ ನನಗೆ ಇರಲಿಲ್ಲ. ನನಗೆ ಅವಳ ಮೇಲೆ ಮಮತೆ ಉಕ್ಕಿತು, ಪಾಟೀಲ ಸರ್ ಮೇಲೆ ಸಿಟ್ಟು ಕುದಿಯಿತು. ಎರಡನ್ನೂ ಹೊತ್ತುಕೊಂಡು ಅವರ ಕೋಣೆಗೆ ಹೋದೆ.

ಅವರು ಎಲ್ಲ ಕೇಳಿದರು. ಕೇಳಿ ಮುಗಿಸಿ ತಲೆ ಅಲ್ಲಾಡಿಸಿದರು.

"ಆಗೂದಿಲ್ರಿ ಮೇಡಂ. ನಮ್ಮ ಹಲಗಿ ಮ್ಯಾಲೆ ಸಾಧನೆ ಬರೀತೇವಿ. ಹಿಂಗಾಗಿಲ್ಲ ಅನ್ನೂದು ಯಾರರ ಬರೀತಾರೇನು? ಒಂದ ಸಲ ತಪ್ಪಾತು ಅಂತ ಬರದ್ರ ಮುಂದಿನ ಸುದ್ದಿ ಯಾರ್ ನಂಬ್ತಾರ?"

"ಬರೀದಿದ್ರ ಹಿಂದಿಂದೂ ನಂಬೂದಿಲ್ರಿ ಸರ್."

"ಪ್ರವೇಶ ಇನ್ನೂ ನಡದಾವು. ಆಕಿ ಫೋಟೊ ನಮ್ಮ ಪ್ರವೇಶದ ಪತ್ರಿಕ್ಯಾಗ ಹಾಕೇವಿ."

"ಸರ್, ನಿಮ್ಮ ಮಗಳ ಆಗಿದ್ರ?"

ಅವರು ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತ ಕೂತರು. ಆಮೇಲೆ, "ನಾ ಬರೀರಿ ಅಂತ ಹೇಳೂದಿಲ್ಲ" ಅಂದರು. ಬರೆಯಬೇಡಿ ಅಂತಲೂ ಅನ್ನಲಿಲ್ಲ. ಹಲವು ವರ್ಷ ಮೇಲಧಿಕಾರಿಗಳ ಕೈಕೆಳಗೆ ಕೆಲಸ ಮಾಡಿದವರಿಗೆ ಇಷ್ಟು ಸಂದು ಸಾಕು. ನೀವೂ ಈ ಸಂದು ನೋಡುವುದನ್ನು ಕಲಿತುಕೊಳ್ಳಿ, ನೌಕರಿಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಶನಿವಾರ ಮುಂಜಾನೆ ಎಲ್ಲರಿಗಿಂತ ಮುಂಚೆ ಗೇಟಿಗೆ ಬಂದೆ. ಹಲಗೆ ತೊಳೆದೆ. ಸಕ್ಕರೆ ನೀರಿನ ಖಡು ತೆಗೆದು, ಮೊದಲ ಸುದ್ದಿಯನ್ನು ಬರೆದಷ್ಟೇ ದೊಡ್ಡ ಅಕ್ಷರದಲ್ಲಿ, ಅದೇ ಜಾಗದಲ್ಲಿ ಬರೆದೆ.

'ಕು. ಸುಜಾತಾ ಅವರು ಸರಕಾರಿ ಹುದ್ದೆಗೆ ಆಯ್ಕೆಯಾಗಿದ್ದಾರೆ ಎಂದು ಈ ಹಲಗೆಯ ಮೇಲೆ ಬರೆದಿದ್ದೆವು. ಅದು ತಾತ್ಕಾಲಿಕ ಪಟ್ಟಿಯಾಗಿತ್ತು. ಅಂತಿಮ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಅವಸರದ ತಪ್ಪು ಕಾಲೇಜಿನದು, ಅವರದಲ್ಲ, ಅವರ ಮನೆಯವರದೂ ಅಲ್ಲ. ಅವರು ಮತ್ತೆ ಪರೀಕ್ಷೆಗೆ ಓದುತ್ತಿದ್ದಾರೆ.'

ಕೊನೆಯ ಸಾಲನ್ನು ನಾನು ಅವಳನ್ನು ಕೇಳಿಯೇ ಸೇರಿಸಿದ್ದೆ. ಬಸ್ ನಿಲುಗಡೆಯಲ್ಲಿ ನಿಂತವರು ಓದುತ್ತಿದ್ದರು. ಖೋಖೋ ಸುದ್ದಿಗೆ ನಕ್ಕ ನಿಲುಗಡೆಯೇ ಅದು. ಅಂದು ಯಾರೂ ನಗಲಿಲ್ಲ. ಒಬ್ಬ ಹೆಣ್ಣುಮಗಳು ಪಕ್ಕದವಳಿಗೆ, "ಪಾಪ, ಮತ್ತ ಓದಾಕತ್ತಾಳಂತ ನೋಡು" ಅಂದದ್ದು ನನ್ನ ಕಿವಿಗೆ ಬಿತ್ತು.

ಅಷ್ಟರಲ್ಲಿ ಪಾಟೀಲ ಸರ್ ಸ್ಕೂಟರ್ ಬಂತು. ಇಳಿದು, ಹಲಗೆಯ ಮುಂದೆ ನಿಂತು, ಮೊದಲಿನಿಂದ ಕೊನೆಯವರೆಗೆ ಓದಿದರು. ಕೈ ಜೇಬಿಗೆ ಹೋಯಿತು. ಕರವಸ್ತ್ರ ಹೊರಗೆ ಬಂತು. ಒರೆಸಿದರೆ ಮತ್ತೆ ಬರೆಯುತ್ತೇನೆ, ಮತ್ತೆ ಒರೆಸಿದರೆ ಮತ್ತೆ, ಖಡುವಿಗೇನು ಬರ ಎಂದು ಹಲ್ಲು ಕಚ್ಚಿ ನಿಂತಿದ್ದೆ. ಅವರು ಕನ್ನಡಕ ತೆಗೆದು ಕರವಸ್ತ್ರದಿಂದ ಒರೆಸಿಕೊಂಡರು. ಮತ್ತೆ ಹಾಕಿಕೊಂಡು ಇನ್ನೊಮ್ಮೆ ಓದಿದರು. ಒಳಗೆ ಹೋದರು.

ನಾನು ಗ್ರಂಥಾಲಯಕ್ಕೆ ಹೋಗಿ ಕೂತೆ. ಕೆಲಸ ಸಾಗಲಿಲ್ಲ. ಬೇಜಾರೆಂದರೆ, ಹಲಗೆಯನ್ನು ಧಾರವಾಡದವರು ಬಂದು ನೋಡುವುದಿಲ್ಲವಲ್ಲ. ಗುಂಪಿನಲ್ಲಿ ಸುದ್ದಿ ಹಾಕುವ ಅಧಿಕಾರ ಪ್ರಾಚಾರ್ಯರಿಗೆ ಮಾತ್ರ ಇತ್ತು. ಅದು ಅಲ್ಲಿ ಹೋಗದಿದ್ದರೆ ಗರಗಕ್ಕೂ ಮುಟ್ಟುವುದಿಲ್ಲ, ಧಾರವಾಡಕ್ಕೂ ಮುಟ್ಟುವುದಿಲ್ಲ, ನಾಳೆಯೇ ಭಾನುವಾರ. ಹೀಗೆ ಲೆಕ್ಕ ಹಾಕುತ್ತ ಕೂತಿದ್ದಾಗ ನನ್ನ ಫೋನು ಸದ್ದು ಮಾಡಿತು. ಗುಂಪಿನಲ್ಲಿ ಹಲಗೆಯ ಫೋಟೊ ಬಂದಿತ್ತು. ಕೆಳಗೆ ಪಾಟೀಲ ಸರ್ ಒಂದೇ ಸಾಲು ಸೇರಿಸಿದ್ದರು: 'ಮೊದಲ ಸುದ್ದಿಯನ್ನು ತಿದ್ದಿದವನು ನಾನು.'

ನಾನು ಎಷ್ಟೋ ಪ್ರಾಚಾರ್ಯರ ಕೈಕೆಳಗೆ ದುಡಿದಿದ್ದೇನೆ. ಒಳ್ಳೆಯವರು ಯಾರು ಅಂತ ಕೇಳಿದರೆ ಇವತ್ತಿಗೂ ಪಾಟೀಲ ಸರ್ ಹೆಸರನ್ನೇ ಹೇಳುತ್ತೇನೆ. ಆ ಒಂದು ಸಾಲಿಗಾಗಿ.

ಸೋಮವಾರ ಮಧ್ಯಾಹ್ನದ ಚಹಾದ ಹೊತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಇದ್ದೆವು, ಪ್ರಾಚಾರ್ಯರೂ ಇದ್ದರು. ಬಾಗಿಲಲ್ಲಿ ಸುಜಾತಾ, ಅವಳ ಹಿಂದೆ ಅವಳ ಅಪ್ಪ. ಮಾಸ್ತರರನ್ನು ಕಂಡದ್ದೇ ಎಲ್ಲರೂ ಚಹಾದ ಕಪ್ಪು ಕೆಳಗಿಟ್ಟರು. ಜಗಳಕ್ಕೆ ಬಂದಿದ್ದಾರೆ ಎಂದೇ ನಾನೂ ತಿಳಿದೆ. ಪಾಟೀಲ ಸರ್ ಎದ್ದು ನಿಂತು ಕುರ್ಚಿ ತೋರಿಸಿದರು. ಮಾಸ್ತರರು ಕೂಡಲಿಲ್ಲ.

"ಖರೇ ಹೇಳ್ತೇನ್ರಿ ಸರ್, ಶನಿವಾರ ಫೋಟೊ ನೋಡಿ ಭಾಳ ಸಿಟ್ಟ ಬಂದಿತ್ತು. ಕಾಲೇಜಿನವರು ನನ್ನ ಮಾನ ಬಜಾರಿಗೆ ತಂದ್ರಂತ ಕೂಗ್ಯಾಡಿದೆ. ಆಮ್ಯಾಲೆ ನನ್ನ ತಮ್ಮ ಗರಗದಿಂದ ಫೋನ್ ಮಾಡಿದ. 'ಅಣ್ಣಾ, ತಪ್ಪು ಕಾಲೇಜಿಂದಂತಲ್ಲ, ನಾ ಫ್ಲೆಕ್ಸ್ ಬಿಚ್ಚಸ್ತೇನಿ' ಅಂದ. ಅಷ್ಟs ನೋಡ್ರಿ. ಇಷ್ಟಕ್ಕ ನಾ ಹತ್ತ ದಿನ ನಿದ್ದಿಗೆಟ್ಟಿದ್ದೆ."

"ಧಾರವಾಡದವರು?" ಎಂದು ನಾನು ಕೇಳಿಯೇಬಿಟ್ಟೆ. ತಡೆದುಕೊಳ್ಳಲಾಗಲಿಲ್ಲ.

"ಬರೂದಿಲ್ಲಂತ ಹೇಳಿ ಕಳಿಸಿದ್ರು ಮೇಡಂ. ಛಲೋ ಆತು. ಅವರು ನೌಕರಿ ನೋಡಾಕ ಬರೂವರಿದ್ರು, ನನ್ನ ಮಗಳನ್ನಲ್ಲ." ಹೇಳುವಾಗ ಅವರ ತಲೆ ನೆಟ್ಟಗಿತ್ತು.

ಆಗ ಸುಜಾತಾ ತನ್ನ ಚೀಲದಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟು ಮುಚ್ಚಳ ತೆರೆದಳು. ಪೇಡೆ.

ಯಾರಿಗೂ ತಿಳಿಯಲಿಲ್ಲ. ಪಾಟೀಲ ಸರ್, "ಇದ್ಯಾತರದವಾ?" ಎಂದು ಕೇಳಿದರು.

"ಹಲಗಿ ಮ್ಯಾಲೆ ನನ್ನ ಹೆಸರು ಬಂದೈತಲ್ರಿ ಸರ್" ಅಂದಳು ಸುಜಾತಾ. "ಪದ್ಧತಿ ಮುರೀಬಾರದ್ರಿ."

ಮೊದಲ ಪೇಡೆ ನನ್ನ ಕೈಗೆ ಬಂತು. ಬಾಯಿಗೆ ಹಾಕಿಕೊಂಡೆ. ಕಣ್ಣಲ್ಲಿ ನೀರು ಬಂದು ಕೂತದ್ದರಿಂದ ಎರಡನೆಯದು ಯಾರಿಗೆ ಹೋಯಿತೋ ಕಾಣಲಿಲ್ಲ. ಪಾಟೀಲ ಸರ್ ಒಂದು ತೆಗೆದುಕೊಂಡು, ಅರ್ಧ ಮುರಿದು ಮಾಸ್ತರರ ಕೈಯಲ್ಲಿಟ್ಟರು. ಇಬ್ಬರೂ ತಿಂದರು. ಆಮೇಲೆ ಸುಜಾತಾ ತಾನೂ ಒಂದು ಬಾಯಿಗೆ ಹಾಕಿಕೊಂಡಳು. ಆವತ್ತು ತಿಂದ ಪೇಡೆ ನನ್ನ ಸಕ್ಕರೆ ಕಾಯಿಲೆಯ ಲೆಕ್ಕಕ್ಕೆ ಬರುವುದಿಲ್ಲ ಎಂದು ನಮ್ಮ ಡಾಕ್ಟರಿಗೂ ಹೇಳಿದ್ದೇನೆ.

ಅಂದಹಾಗೆ, ಸುದ್ದಿಯನ್ನು ನಂಬುವವರು ಅದರಿಂದ ಕಡಿಮೆಯಾಗಲಿಲ್ಲ. ಉಲ್ಟಾ ಆಯಿತು. ನಿಲುಗಡೆಯವರೇ, "ಇವರ ಹಲಗಿ ತಪ್ಪಿದ್ರ ತಪ್ಪೈತಿ ಅಂತೂ ಬರೀತೈತಿ" ಎಂದು ಹೇಳತೊಡಗಿದರು. ಪಾಟೀಲ ಸರ್ ಆ ಮಾತನ್ನು ಪಾಲಕರ ಸಭೆಯಲ್ಲಿ ತಮ್ಮದೇ ಮಾತೆಂಬಂತೆ ಹೇಳಿಕೊಂಡರು. ಹೇಳಿಕೊಳ್ಳಲಿ.

ಸುಜಾತಾ ಕಿಟಕಿ ಪಕ್ಕದ ಮೇಜಿಗೆ ಮರಳಿದಳು. ಮುಂದಿನ ಪರೀಕ್ಷೆಯಲ್ಲೂ ಅವಳಿಗೆ ಆ ನೌಕರಿ ಸಿಗಲಿಲ್ಲ. ಆದರೆ ಅಷ್ಟು ವರ್ಷ ಪುಸ್ತಕಗಳ ನಡುವೆ ಕೂತವಳು ಅವುಗಳ ಕೆಲಸವನ್ನೇ ಯಾಕೆ ಕಲಿಯಬಾರದು ಅಂದೆ. ಗ್ರಂಥಾಲಯ ವಿಜ್ಞಾನ ಓದಿ ಮುಗಿಸಿದಳು. ನಮ್ಮ ಕಾಲೇಜಿಗೇ ಸಹಾಯಕ ಗ್ರಂಥಪಾಲಕಿಯಾಗಿ ಬಂದಳು. ಅವಳ ನೇಮಕದ ಸುದ್ದಿ ಹಲಗೆಗೆ ಬರೆಯುವ ದಿನ ನಾನು ಬೇಕೆಂದೇ ಗಂಟು ಮುಖ ಮಾಡಿ, "ಆದೇಶ ತೋರಸು" ಅಂದೆ. ತೋರಿಸಿದಳು. ಮೇಲಿನಿಂದ ಕೆಳಗಿನವರೆಗೆ ಓದಿ, ಸಹಿ ನೋಡಿ, ಕಚೇರಿಯ ಶಿಕ್ಕೆ ನೋಡಿ, ಹಾಳೆ ತಿರುವಿ ಹಿಂದೆ ಏನಾದರೂ ಇದೆಯೇ ಎಂದೂ ನೋಡಿದೆ. ಅವಳು ತುಟಿ ಬಿಗಿಹಿಡಿದು ನಗು ನುಂಗಿಕೊಂಡು ನಿಂತಿದ್ದಳು.

ಅದನ್ನು ಅವಳು ಬಡ್ಡಿ ಸಮೇತ ತೀರಿಸಿದ್ದು ನನ್ನ ಕೊನೆಯ ಶನಿವಾರ. ಅಂದು ಹಲಗೆಯ ಮೇಲೆ ನನ್ನ ನಿವೃತ್ತಿಯ ಸುದ್ದಿ ಬರಬೇಕು, ನನ್ನ ಸುದ್ದಿಯನ್ನು ನಾನೇ ಬರೆದುಕೊಳ್ಳುವಂತಿಲ್ಲ. ಸಕ್ಕರೆ ನೀರಿನ ಬಟ್ಟಲನ್ನೂ ಖಡುವನ್ನೂ ಸುಜಾತಾಳ ಕೈಗೆ ಕೊಟ್ಟು, ಹಲಗೆಯ ಮುಂದೆ ನಿಂತೆ. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಹೆಸರು ಅಲ್ಲಿ ಬರುವುದಿತ್ತು. ಎದೆ ತುಂಬಿ ಬಂದಿತ್ತು, ಅದನ್ನು ಮುಚ್ಚಿಟ್ಟುಕೊಳ್ಳುವುದೇಕೆ.

ಸುಜಾತಾ ಖಡು ಎತ್ತಿದಳು. ಮತ್ತೆ ಕೈ ಇಳಿಸಿದಳು. ನನ್ನ ಕಡೆ ತಿರುಗಿ ಕೈ ಚಾಚಿದಳು.

"ಮೇಡಂ, ನಿವೃತ್ತಿ ಆದೇಶ ಕೊಡ್ರಿ. ನೋಡದs ನಾ ಬರಿಯೂದಿಲ್ಲ."

ನನ್ನ ಚೀಲ ತೆರೆದು ಆದೇಶ ಕೊಟ್ಟೆ. ಅವಳು ಮೇಲಿನಿಂದ ಕೆಳಗಿನವರೆಗೆ ಓದಿದಳು. ಸಹಿ ನೋಡಿದಳು, ಶಿಕ್ಕೆ ನೋಡಿದಳು, ಹಾಳೆ ತಿರುವಿ ಹಿಂದೆಯೂ ನೋಡಿದಳು. ಆಮೇಲೆ ಹಲಗೆಗೆ ತಿರುಗಿ ನನ್ನ ಹೆಸರು ಬರೆಯತೊಡಗಿದಳು. ಅಕ್ಷರ ನನ್ನವಕ್ಕಿಂತ ದುಂಡಗಿದ್ದವು. ನಾನು ರಸ್ತೆ ದಾಟಿ ಎದುರಿನ ಅಂಗಡಿಗೆ ಪೇಡೆ ತರಲು ಹೋದೆ.